ಕೊಡಗಿನಲ್ಲಿ ಕೂತು ಆನ್‌ಲೈನ್ ಥೆರಪಿ ಶುರು ಮಾಡುವುದು ಹೇಗೆ? ಮನಃಶಾಸ್ತ್ರಜ್ಞರಿಗೆ ಸಮಗ್ರ ಮಾರ್ಗದರ್ಶಿ

ಮಡಿಕೇರಿಯಲ್ಲಿ ನನ್ನ ಕೋಣೆಗೆ ಹತ್ತುವ ಮೆಟ್ಟಿಲು ರಸ್ತೆಗೇ ಕಾಣುತ್ತದೆ. ಕುಟ್ಟದ ಕಡೆಯಿಂದ ಬಸ್ ಬದಲಿಸಿಕೊಂಡು ಬಂದಿದ್ದ ಒಬ್ಬರು ಮೆಟ್ಟಿಲ ಬುಡದವರೆಗೂ ಬಂದು ಹಾಗೇ ವಾಪಸ್ ಹೋಗಿದ್ದರು. ಸಂಜೆ ಫೋನ್ ಮಾಡಿದರು. "ಮೇಡಂ, ನಮ್ಮ ಊರಿನವರು ಅಲ್ಲೇ ನಿಂತಿದ್ದರು. ಮೇಲೆ ಬರೋಕೆ ಆಗಲಿಲ್ಲ." ಕೊಡಗು ಚಿಕ್ಕ ಜಿಲ್ಲೆ. ಮನೆ ಹೆಸರು ಹೇಳಿದರೆ ಸಾಕು, ಅಜ್ಜನ ಕಾಲದ ಕಥೆಯೂ ಹೊರಗೆ ಬರುತ್ತದೆ. ಇಂಥ ಕಡೆ ಫೋನಿನಲ್ಲಿ, ವಿಡಿಯೋದಲ್ಲಿ ಥೆರಪಿ ಸಿಗುವುದು ಎಷ್ಟೋ ಜನರಿಗೆ ದೊಡ್ಡ ಆಸರೆ.

ಹಾಗಂತ ಲಿಂಕ್ ಕಳಿಸಿ ಮಾತಾಡಿದರೆ ಮುಗಿಯಲಿಲ್ಲ. ಕ್ಲಿನಿಕ್‌ನಲ್ಲಿ ಬಾಗಿಲು ಹಾಕುವವರು ನಾವು. ಆನ್‌ಲೈನ್‌ನಲ್ಲಿ ಆ ಬಾಗಿಲು ಅವರ ಮನೆಯಲ್ಲಿದೆ, ಕೆಲವೊಮ್ಮೆ ಬಾಗಿಲೇ ಇಲ್ಲ. ಆ ಬಾಗಿಲನ್ನು ಅವರ ಜೊತೆ ಸೇರಿ ಹೇಗೆ ಹಾಕಿಕೊಳ್ಳುವುದು ಅನ್ನುವುದನ್ನು ನಾನು ನಿಧಾನಕ್ಕೆ ಕಲಿತೆ. ಈಗ ಶುರು ಮಾಡುತ್ತಿರುವವರಿಗಾಗಿ ಅದನ್ನು ಬರೆಯುತ್ತಿದ್ದೇನೆ. ಇಲ್ಲಿ ಬರುವ ಪ್ರಸಂಗಗಳಲ್ಲಿ ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಮೊದಲು ಕಾಗದಪತ್ರ, ಕಾನೂನು

ನಿಮ್ಮ ಹೆಸರಿನ ಮುಂದೆ ಏನು ಹಾಕಿಕೊಳ್ಳುತ್ತೀರಿ ಅನ್ನುವುದನ್ನು ಮೊದಲು ಸರಿ ಮಾಡಿಕೊಳ್ಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಳ್ಳಬೇಕಾದರೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು. 1992ರ ಕಾಯ್ದೆಯ ಕೆಳಗೆ ಬರುವ ಮಂಡಳಿ ಅದು. ಎಂಎ ಅಥವಾ ಎಂಎಸ್ಸಿ ಮಾಡಿ ಕೌನ್ಸೆಲಿಂಗ್ ಮಾಡುವವರು ಕೌನ್ಸೆಲರ್ ಎಂದೇ ಹೇಳಿಕೊಳ್ಳಿ. ಎದುರಿಗೆ ಕೂತವರು ಗೋಡೆಯ ಮೇಲಿನ ಸರ್ಟಿಫಿಕೇಟ್ ನೋಡುತ್ತಾರೆ. ಆನ್‌ಲೈನ್‌ನಲ್ಲಿ ಅದೂ ಕಾಣುವುದಿಲ್ಲ. ಹಾಗಾಗಿ ಓದು, ನೋಂದಣಿ ಸಂಖ್ಯೆ, ಯಾವ ಸಮಸ್ಯೆಗಳಲ್ಲಿ ಅನುಭವ ಇದೆ ಎಂಬುದನ್ನು ಮೊದಲ ಮೆಸೇಜಿನಲ್ಲೇ ಕಳಿಸಿಬಿಡಿ.

2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಇರುವುದು ನೋಂದಾಯಿತ ವೈದ್ಯರಿಗೆ. ನಮಗೆ ಹೆಚ್ಚು ಹತ್ತಿರದ್ದು ಅದೇ ವರ್ಷ ಬೆಂಗಳೂರಿನ ನಿಮ್ಹಾನ್ಸ್ ತಂದ ಟೆಲಿ ಸೈಕೋಥೆರಪಿ ಮಾರ್ಗಸೂಚಿ. ಶುರು ಮಾಡುವ ಮೊದಲು ಅದನ್ನು ಒಮ್ಮೆ ಪೂರ್ತಿ ಓದಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಗೋಪ್ಯತೆಯನ್ನು ಹಕ್ಕು ಅಂತಲೇ ಹೇಳುತ್ತದೆ. ಕ್ಲಿನಿಕ್ ಇರಲಿ, ಫೋನ್ ಇರಲಿ, ಆ ಹಕ್ಕು ಒಂದೇ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿಸಲೇಬೇಕು. ಇದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಿ.

ಇನ್ನೊಂದು ಮಾತು. ಕೊಡಗಿನ ಮಕ್ಕಳು ಗಲ್ಫ್, ಕೆನಡಾ, ಆಸ್ಟ್ರೇಲಿಯಾ ಅಂತ ಎಲ್ಲ ಕಡೆ ಇದ್ದಾರೆ. "ಅಕ್ಕ, ನೀವು ನಮ್ಮ ಊರಿನವರು, ನಿಮ್ಮ ಹತ್ತಿರವೇ ಮಾತಾಡ್ತೇನೆ" ಅಂತ ಫೋನ್ ಬರುತ್ತದೆ. ಖುಷಿಯಾಗುತ್ತದೆ, ನಿಜ. ಆದರೆ ಹಲವು ದೇಶಗಳಲ್ಲಿ, ಅಮೆರಿಕದಲ್ಲಂತೂ ಒಂದೊಂದು ರಾಜ್ಯಕ್ಕೂ, ಲೈಸೆನ್ಸ್ ನಿಯಮ ಬೇರೆ ಬೇರೆ. ಕ್ಲೈಂಟ್ ಎಲ್ಲಿ ಕೂತಿದ್ದಾರೋ ಅಲ್ಲಿನ ನಿಯಮ ನೋಡಿಕೊಂಡೇ ಒಪ್ಪಿಕೊಳ್ಳಿ.

ಯಾರಿಗೆ ಸರಿ, ಯಾರಿಗೆ ಬೇಡ

ಆತಂಕ, ಸಾಧಾರಣ ಮಟ್ಟದ ಖಿನ್ನತೆ, ಅಗಲಿಕೆಯ ದುಃಖ, ಪರೀಕ್ಷೆಯ ಭಯ, ಗಂಡ ಹೆಂಡಿರ ನಡುವಿನ ಮನಸ್ತಾಪ, ನಿದ್ದೆ ಬರದಿರುವುದು. ಇವಕ್ಕೆಲ್ಲ ಆನ್‌ಲೈನ್ ಚೆನ್ನಾಗಿಯೇ ಹೊಂದುತ್ತದೆ.

ಕೆಲವರನ್ನು ಮಾತ್ರ ಪರದೆಯ ಮೇಲೆ ಇಟ್ಟುಕೊಳ್ಳಬೇಡಿ. ಇಲ್ಲದ ದನಿ ಕೇಳಿಸುತ್ತಿರುವವರು, ಸಾಯುವ ಬಗ್ಗೆ ತಯಾರಿ ನಡೆಸಿರುವವರು, ಊಟ ಬಿಟ್ಟು ಮೈ ಪೂರ್ತಿ ಇಳಿದುಹೋಗಿರುವವರು, ಇವರಿಗೆಲ್ಲ ಆಸ್ಪತ್ರೆ ಬೇಕು. ಹೊಡೆಯುವ ಗಂಡ ಪಕ್ಕದ ಕೋಣೆಯಲ್ಲೇ ಇದ್ದರೆ ಆ ಮನೆಯೊಳಗಿನಿಂದ ಸೆಷನ್ ಮಾಡುವುದೇ ಅಪಾಯ. ಕುಡಿತದ ವಿಷಯದಲ್ಲಿ ಒಂದನ್ನು ನೆನಪಿಡಿ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು "ನಾಳೆಯಿಂದ ಬಿಟ್ಟೆ" ಅಂದರೆ ಸುಮ್ನೆ ಶಭಾಷ್ ಅನ್ನಬೇಡಿ. ತಟ್ಟನೆ ನಿಲ್ಲಿಸಿದ ಎರಡು ಮೂರು ದಿನದಲ್ಲಿ ಕೈ ನಡುಕ, ಫಿಟ್ಸ್, ಬುದ್ಧಿ ಭ್ರಮಣೆ ಬರಬಹುದು. ಜೀವಕ್ಕೇ ಅಪಾಯ ಅದು. ಮೊದಲು ವೈದ್ಯರ ಬಳಿ ಕಳಿಸಿ, ಥೆರಪಿ ಆಮೇಲೆ.

ಔಷಧಿ ಬೇಕೆನಿಸಿದರೆ ಯಾರಿಗೆ ಕಳಿಸುತ್ತೀರಿ ಅನ್ನುವುದೂ ಮುಂಚೆಯೇ ತಯಾರಿರಬೇಕು. ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗ, ಮೈಸೂರು ಮಂಗಳೂರಿನ ಒಂದಿಬ್ಬರು ಮನೋವೈದ್ಯರು, ಹೀಗೆ ಒಂದು ಪಟ್ಟಿ ಮಾಡಿ. ಅವರನ್ನು ಹೋಗಿ ಭೇಟಿಯಾಗಿ ಪರಿಚಯ ಮಾಡಿಕೊಳ್ಳಿ. ಬುದ್ಧಿಮಟ್ಟದ ಪರೀಕ್ಷೆಯಂಥವನ್ನು ಪರದೆಯ ಮೇಲೆ ಮಾಡಲು ಹೋಗಬೇಡಿ. ಎದುರಿಗೆ ಕೂರಿಸಿ ಮಾಡಲೆಂದೇ ಕಟ್ಟಿದ ಪರೀಕ್ಷೆಗಳು ಅವು. ಸಾಧ್ಯವಾದರೆ ಮೊದಲ ಸೆಷನ್ ಒಂದನ್ನಾದರೂ ಮುಖಾಮುಖಿ ಮಾಡಿ.

ಕರೆಂಟು, ನೆಟ್‌ವರ್ಕ್, ಕೋಣೆ

ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಹೇಳಲಾಗದು. ಒಂದು ಮರ ತಂತಿಯ ಮೇಲೆ ಬಿದ್ದರೆ ಎರಡು ದಿನ ಕತ್ತಲೆ. ನನ್ನ ಮೊದಲ ಮಳೆಗಾಲದಲ್ಲಿ ಒಬ್ಬರು ಅಳುತ್ತಾ ಏನೋ ಹೇಳಲು ಬಾಯಿ ತೆರೆದಿದ್ದರು, ಅಷ್ಟರಲ್ಲಿ ಕಾಲ್ ಕಟ್ ಆಯಿತು. ರೌಟರ್ ಆರಿತ್ತು, ಮೊಬೈಲ್‌ನಲ್ಲಿ ಸಿಗ್ನಲ್ ಇರಲಿಲ್ಲ. ಅವರನ್ನು ಮತ್ತೆ ಹಿಡಿಯಲು ಮುಕ್ಕಾಲು ಗಂಟೆ ಬೇಕಾಯಿತು. ಅಷ್ಟೂ ಹೊತ್ತು ಅವರು, ನನಗೆ ಕೇಳಿ ಸಾಕಾಯಿತು, ಫೋನ್ ಇಟ್ಟುಬಿಟ್ಟೆ ಅಂದುಕೊಂಡಿದ್ದರು. ಅದು ನೆನಪಾದರೆ ನನಗೆ ಈಗಲೂ ಸಂಕಟವಾಗುತ್ತದೆ. ಕಟ್ ಆದರೆ ಏನು ಮಾಡೋಣ ಅಂತ ನಾನು ಮೊದಲೇ ಹೇಳಿರಲಿಲ್ಲ.

ಹಾಗಾಗಿ ಮನೆಗೆ ಇನ್ವರ್ಟರ್ ಇದ್ದರೂ ರೌಟರ್‌ಗೆ ಬೇರೆಯದೇ ಸಣ್ಣ ಯುಪಿಎಸ್ ಹಾಕಿ. ಫೈಬರ್ ಲೈನ್ ಒಂದು ಕಂಪನಿಯದ್ದಾದರೆ ಮೊಬೈಲ್ ಸಿಮ್ ಇನ್ನೊಂದು ಕಂಪನಿಯದ್ದು ಇರಲಿ. ನಿಮ್ಮ ಮನೆಯ ಯಾವ ಮೂಲೆಯಲ್ಲಿ ಯಾವ ಸಿಗ್ನಲ್ ನಿಲ್ಲುತ್ತದೆ ಅಂತ ಮಳೆ ಸುರಿಯುವಾಗಲೇ ನೋಡಿಕೊಳ್ಳಿ, ಬಿಸಿಲಲ್ಲಿ ನೋಡಿ ಪ್ರಯೋಜನವಿಲ್ಲ. ಕ್ಲೈಂಟ್ ಜೊತೆ ಹೀಗೆ ಒಪ್ಪಂದ ಮಾಡಿಕೊಳ್ಳಿ: ವಿಡಿಯೋ ನಿಂತರೆ ಐದು ನಿಮಿಷದೊಳಗೆ ನಾನೇ ಮಾಮೂಲಿ ಫೋನ್ ಕಾಲ್ ಮಾಡುತ್ತೇನೆ. ಅದೂ ಸಿಗದಿದ್ದರೆ ಒಂದು ಎಸ್‌ಎಂಎಸ್ ಹಾಕುತ್ತೇನೆ, ಅರ್ಧ ಗಂಟೆ ಬಿಟ್ಟು ಮತ್ತೆ ಪ್ರಯತ್ನಿಸುತ್ತೇನೆ. ಕಟ್ ಆದರೆ ಅದು ನೆಟ್‌ವರ್ಕ್, ನಾನಲ್ಲ. ಈ ಕೊನೆಯ ಮಾತನ್ನು ಮಾತ್ರ ಬಿಡದೆ ಹೇಳಿ.

ವಿಡಿಯೋ ಆಗಲೇಬೇಕು ಅಂತ ಹಟ ಬೇಡ. ಒಂದು ಗಂಟೆಯ ವಿಡಿಯೋಗೆ ಗುಣಮಟ್ಟದ ಮೇಲೆ ಅರ್ಧ ಜಿಬಿಯಿಂದ ಒಂದೂವರೆ ಜಿಬಿ ತನಕ ಡೇಟಾ ಹೋಗಬಹುದು. ದಿನಕ್ಕೆ ಒಂದೋ ಒಂದೂವರೆಯೋ ಜಿಬಿ ಪ್ಯಾಕ್ ಹಾಕಿಸಿಕೊಂಡವರಿಗೆ ಅವತ್ತಿನ ಡೇಟಾ ಅಲ್ಲಿಗೇ ಮುಗಿಯಿತು, ಮಗಳ ಓದಿಗೂ ಉಳಿಯುವುದಿಲ್ಲ. ಬರೀ ಧ್ವನಿಯಲ್ಲಿ ಒಳ್ಳೆಯ ಕೆಲಸ ಮಾಡಬಹುದು.

ನಿಮ್ಮ ಕೋಣೆಗೆ ಬೇಕಾದದ್ದು ಕಡಿಮೆ. ಗಟ್ಟಿ ಬಾಗಿಲು, ಮುಖದ ಮೇಲೆ ಬೀಳುವ ಬೆಳಕು, ಹಿಂದೆ ಖಾಲಿ ಗೋಡೆ, ಒಂದು ಹೆಡ್‌ಫೋನ್. ಸ್ಪೀಕರ್‌ನಲ್ಲಿ ಮಾತಾಡಲೇಬೇಡಿ. ಹೆಡ್‌ಫೋನ್ ಹಾಕಿದರೂ ನಿಮ್ಮ ಕಡೆಯ ಮಾತು ಮನೆಯವರಿಗೆ ಕೇಳುತ್ತದೆ, ಕ್ಲೈಂಟಿನ ಹೆಸರು ಹಿಡಿದು ಕರೆಯುವಾಗ ಅದು ನೆನಪಿರಲಿ.

ಯಾವ ಆ್ಯಪ್?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ನನಗೆ ಇದಕ್ಕೆ ಜಾಸ್ತಿ ಹೊತ್ತು ಬೇಕಿಲ್ಲ ಅನಿಸುತ್ತದೆ. ಜೂಮ್ ಆಗಲಿ ಗೂಗಲ್ ಮೀಟ್ ಆಗಲಿ, ಪ್ರತಿಯೊಬ್ಬರಿಗೂ ಬೇರೆ ಲಿಂಕ್ ಮಾಡಿ, ನೀವು ಒಪ್ಪಿದ ಮೇಲೆಯೇ ಒಳಗೆ ಬರುವ ಹಾಗೆ ಇಡಿ. ಒಬ್ಬರ ಸೆಷನ್‌ಗೆ ಇನ್ನೊಬ್ಬರು ನುಗ್ಗುವಂತಾಗಬಾರದು, ಇಲ್ಲಿ ಇಬ್ಬರೂ ನೆಂಟರಾಗಿರುವ ಸಾಧ್ಯತೆ ಇರುತ್ತದೆ. ರೆಕಾರ್ಡಿಂಗ್ ಬೇಡವೇ ಬೇಡ. ಮೀಟಿಂಗ್ ಹೆಸರಿನಲ್ಲಿ ಥೆರಪಿ, ಕೌನ್ಸೆಲಿಂಗ್ ಅನ್ನುವ ಪದ ಹಾಕಬೇಡಿ. ಫೋನಿನ ಪರದೆಯ ಮೇಲೆ ನೋಟಿಫಿಕೇಶನ್ ಬಂದಾಗ ಅತ್ತೆಯೋ ಮಗನೋ ನೋಡುತ್ತಾರೆ.

ವಾಟ್ಸ್‌ಆ್ಯಪ್ ಎಲ್ಲರ ಬಳಿ ಇದೆ, ಕಾಲ್ ಕೂಡ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಗೂಢಲಿಪಿಯಲ್ಲೇ ಹೋಗುತ್ತದೆ, ನಡುವೆ ಯಾರೂ ಕದ್ದು ಕೇಳಲಾಗದು. ತೊಂದರೆ ಇರುವುದು ಚಾಟ್ ಬ್ಯಾಕಪ್‌ನಲ್ಲಿ ಮತ್ತು ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವುದರಲ್ಲಿ. ಸಮಯ ಗೊತ್ತುಮಾಡಲು ಮಾತ್ರ ಚಾಟ್ ಬಳಸಿ, ಮನಸ್ಸಿನ ಮಾತು ಅಲ್ಲಿ ಬೇಡ. ಕೆಲಸಕ್ಕೆ ಬೇರೆ ನಂಬರ್ ಇಟ್ಟುಕೊಳ್ಳಿ. ನಿಮ್ಮ ಮಾಮೂಲಿ ನಂಬರ್ ಕೊಟ್ಟರೆ ನಾಳೆ ಮದುವೆ ಗ್ರೂಪಿನಲ್ಲಿ ಇಬ್ಬರೂ ಒಟ್ಟಿಗೆ ಇರುತ್ತೀರಿ.

ಒಪ್ಪಿಗೆ ಪತ್ರ

ಎರಡು ಪುಟ ಸಾಕು, ಓದಿದರೆ ಅರ್ಥವಾಗುವ ಕನ್ನಡದಲ್ಲಿ. ಫೀಸ್ ಎಷ್ಟು, ಎಷ್ಟು ನಿಮಿಷ, ತಪ್ಪಿದರೆ ಏನು, ಎರಡೂ ಕಡೆ ರೆಕಾರ್ಡ್ ಮಾಡುವುದಿಲ್ಲ, ಗೋಪ್ಯತೆ ಯಾವಾಗ ಮುರಿಯಬೇಕಾಗುತ್ತದೆ, ಆನ್‌ಲೈನ್ ಸರಿಹೋಗದಿದ್ದರೆ ಎಲ್ಲಿಗೆ ಕಳಿಸುತ್ತೇನೆ. ಓದಲು ಬಾರದವರಿಗೆ ಓದಿ ಹೇಳಿ, ಅವರ ಒಪ್ಪಿಗೆಯನ್ನು ನಿಮ್ಮ ನೋಟ್ಸ್‌ನಲ್ಲಿ ದಿನಾಂಕದ ಜೊತೆ ಬರೆದುಕೊಳ್ಳಿ. 18 ವರ್ಷ ತುಂಬದವರಿಗೆ ಅಪ್ಪ ಅಮ್ಮ ಅಥವಾ ಪೋಷಕರ ಒಪ್ಪಿಗೆ ಬೇಕು. ಮಕ್ಕಳ ಮಾತಿನಲ್ಲಿ ಯಾವುದು ಪೋಷಕರಿಗೆ ತಿಳಿಯುತ್ತದೆ, ಯಾವುದು ಇಲ್ಲ ಎಂದು ಇಬ್ಬರ ಎದುರೂ ಅವತ್ತೇ ಹೇಳಿಬಿಡಿ.

ಭಾಷೆಯನ್ನೂ ಕೇಳಿಕೊಳ್ಳಿ. ಇಲ್ಲಿ ಮನೆಮಾತು ಕೊಡವ ತಕ್ಕ್ ಇರಬಹುದು, ಅರೆಭಾಷೆ, ತುಳು, ಮಲಯಾಳ, ಯರವ ಇರಬಹುದು. ಕನ್ನಡದಲ್ಲಿ ಚೆನ್ನಾಗಿ ಮಾತಾಡುವವರೂ ಅಳುವಾಗ ಮನೆಮಾತಿಗೆ ಜಾರುತ್ತಾರೆ. ನಿಮಗೆ ಬಾರದಿದ್ದರೂ "ನಿಮ್ಮ ಭಾಷೆಯಲ್ಲೇ ಹೇಳಿ, ಆಮೇಲೆ ನನಗೆ ಅರ್ಥ ಹೇಳಿ" ಅನ್ನಿ.

ಸುರಕ್ಷತೆಯ ಹಾಳೆ

ಈ ಒಂದು ಹಾಳೆ ತುಂಬದೆ ನಾನು ಯಾರ ಜೊತೆಗೂ ಎರಡನೇ ಸೆಷನ್ ಮಾಡುವುದಿಲ್ಲ.

ಮೊದಲ ಸಾಲು ವಿಳಾಸ. ಆಧಾರ್ ಕಾರ್ಡಿನ ವಿಳಾಸ ಸಾಲದು, ಈಗ ಕೂತಿರುವ ಜಾಗದ್ದು ಬೇಕು. ಎಸ್ಟೇಟ್ ಕಾರ್ಮಿಕರ ಲೈನ್ ಮನೆಗೆ ಡೋರ್ ನಂಬರ್ ಎಲ್ಲಿಂದ ಬರಬೇಕು? ಯಾವ ಎಸ್ಟೇಟ್, ಯಾವ ಗೇಟ್, ಯಾವ ಬಸ್ ಸ್ಟಾಪಿನಿಂದ ಎಷ್ಟು ದೂರ, ಮಳೆಯಲ್ಲಿ ಅಲ್ಲಿಗೆ ಕಾರು ಹೋಗುತ್ತದಾ ಜೀಪೇ ಬೇಕಾ, ಇಷ್ಟೂ ಬರೆದುಕೊಳ್ಳಿ. 108ಕ್ಕೆ ಫೋನ್ ಮಾಡಿ "ಸಿದ್ದಾಪುರದ ಹತ್ತಿರ ಒಂದು ಎಸ್ಟೇಟ್" ಅಂದರೆ ಆಂಬುಲೆನ್ಸ್‌ನವರು ಎಲ್ಲಿ ಅಂತ ಹುಡುಕುತ್ತಾರೆ?

ಆಮೇಲೆ ಇಬ್ಬರ ಹೆಸರು, ನಂಬರ್. ಒಬ್ಬರು ಮನೆಯವರು, ಇನ್ನೊಬ್ಬರು ಹತ್ತು ನಿಮಿಷದಲ್ಲಿ ನಡೆದು ಬರಬಲ್ಲ ಅಕ್ಕಪಕ್ಕದವರು. ಬೆಂಗಳೂರಿನ ಅಣ್ಣ ಎಷ್ಟೇ ಪ್ರೀತಿಯವನಾದರೂ ರಾತ್ರಿ ಹತ್ತಕ್ಕೆ ಬಾಗಿಲು ತಟ್ಟಲಾರ. ಹತ್ತಿರದ ಸರ್ಕಾರಿ ಆಸ್ಪತ್ರೆ, ಪೊಲೀಸ್ ಠಾಣೆಯ ನಂಬರೂ ಅದೇ ಹಾಳೆಯಲ್ಲಿರಲಿ. 112ಕ್ಕೆ ನೀವು ಮಡಿಕೇರಿಯಲ್ಲಿ ಕೂತು ಫೋನ್ ಮಾಡುವಾಗ ಕ್ಲೈಂಟ್ ಇರುವ ಜಾಗವನ್ನು ನೀವೇ ಬಿಡಿಸಿ ಹೇಳಬೇಕು.

ಮೂರನೆಯದು ಕೇಳಲು ಕಷ್ಟ, ಆದರೂ ಕೇಳಿ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಶಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇದೆ. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಪೂಜೆ ಮಾಡುವ ನಾಡು ಇದು. ಮನೆಯಲ್ಲಿ ಕೋವಿ ಇರುವುದು ಗೌರವದ ವಿಷಯ, ಅದನ್ನು ತಪ್ಪು ಅನ್ನುವ ದನಿಯಲ್ಲಿ ಕೇಳಬೇಡಿ. ಜೊತೆಗೆ ತೋಟದ ಔಷಧಿ, ಅಂದರೆ ಕೀಟನಾಶಕ, ಹೆಚ್ಚಿನ ಮನೆಗಳಲ್ಲಿ ಇರುತ್ತದೆ. ಸಾಯುವ ಯೋಚನೆ ಇದೆ ಅಂದವರನ್ನು ನಾನು ನೇರವಾಗಿ ಕೇಳುತ್ತೇನೆ: "ಮನೆಯಲ್ಲಿ ಕೋವಿ ಇದೆಯಾ? ತೋಟದ ಔಷಧಿ ಎಲ್ಲಿ ಇಟ್ಟಿದ್ದೀರಿ? ಸ್ವಲ್ಪ ದಿನದ ಮಟ್ಟಿಗೆ ಅದಕ್ಕೆ ಬೀಗ ಹಾಕಿ ಕೀಯನ್ನು ಯಾರ ಕೈಗೆ ಕೊಡಬಹುದು?" ಕೇಳಿದರೆ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಬೇಡ. ಯಾರೋ ಕೊನೆಗೂ ಕೇಳಿದರು ಅಂತ ನಿರಾಳವಾಗುವವರೇ ಜಾಸ್ತಿ. ಆ ಗಳಿಗೆಯ ತೀವ್ರತೆ ಇಳಿಯುವವರೆಗೆ ಕೈಗೆಟುಕದಂತೆ ಮಾಡುವುದು ನಿಜಕ್ಕೂ ಜೀವ ಉಳಿಸುತ್ತದೆ. ಮನೆಯವರಲ್ಲಿ ಯಾರಿಗೆ ತಿಳಿಸೋಣ ಅಂತ ಅವರನ್ನೇ ಕೇಳಿ, ಅವರು ಲೈನಿನಲ್ಲಿರುವಾಗಲೇ ಆ ವ್ಯಕ್ತಿಯ ಜೊತೆ ಮಾತಾಡಿ.

ನೀವು ಇಪ್ಪತ್ನಾಲ್ಕು ಗಂಟೆ ಸಿಗುವುದಿಲ್ಲ, ಸಿಗುತ್ತೇನೆ ಅಂತ ಹೇಳಲೂ ಬೇಡಿ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ನಂಬರ್ 14416, ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ಕ್ಲೈಂಟಿನ ಫೋನಿನಲ್ಲಿ ಅದನ್ನು ನಿಮ್ಮ ಎದುರೇ ಸೇವ್ ಮಾಡಿಸಿ.

ಸೆಷನ್ ಶುರುವಾದಾಗ

ಮೊದಲ ಎರಡು ನಿಮಿಷ ಪ್ರತಿ ಸಲ ಒಂದೇ ಮಾತು ಕೇಳುತ್ತೇನೆ. "ಈಗ ಎಲ್ಲಿದ್ದೀರಿ? ಹತ್ತಿರ ಯಾರಾದರೂ ಇದ್ದಾರಾ? ಇವತ್ತು ಎಷ್ಟು ಹೊತ್ತು ನೆಮ್ಮದಿಯಾಗಿ ಮಾತಾಡಬಹುದು?" ಒಬ್ಬರು ಕಣದ ಮೂಲೆಯಲ್ಲಿ, ಒಬ್ಬರು ನಿಲ್ಲಿಸಿದ ಜೀಪಿನೊಳಗೆ, ಇನ್ನೊಬ್ಬರು ಕಾಫಿ ಗಿಡಗಳ ನಡುವೆ ನಡೆಯುತ್ತಾ ಮಾತಾಡುತ್ತಾರೆ. ತೋಟದಲ್ಲಾದರೆ ಆನೆ ಓಡಾಡುವ ಹೊತ್ತು ಬೇಡ ಅಂತ ನಾನೇ ಹೇಳುತ್ತೇನೆ. ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ಒಬ್ಬರೇ ತೋಟದೊಳಗೆ ಹೋದರೆ ಹಿಂದೆ ಏನು ಬಂತೆಂದು ಗೊತ್ತಾಗುವುದಿಲ್ಲ.

ಯಾರಾದರೂ ಒಳಗೆ ಬಂದರೆ ಹೇಳಲು ಒಂದು ಗುಟ್ಟಿನ ಮಾತು ಗೊತ್ತುಮಾಡಿಕೊಳ್ಳಿ. ಒಬ್ಬರು "ಇವತ್ತು ಮೆಣಸಿನ ರೇಟ್ ಎಷ್ಟಾಯ್ತು?" ಅಂತ ಕೇಳುತ್ತಿದ್ದರು. ನಾನು ತಕ್ಷಣ ಮಾತು ಬದಲಿಸುತ್ತಿದ್ದೆ. ಕೇಳಿದವರಿಗೆ ಯಾವ ಅನುಮಾನವೂ ಬರುತ್ತಿರಲಿಲ್ಲ. ಇಷ್ಟರಿಂದಲೇ ಎಷ್ಟೋ ಧೈರ್ಯ ಬರುತ್ತದೆ.

ಅವರ ಮುಖದ ಚೌಕವನ್ನು ಕ್ಯಾಮೆರಾದ ನೇರ ಕೆಳಗೆ ತಂದಿಟ್ಟುಕೊಳ್ಳಿ, ಆಗ ನೀವು ಅವರ ಕಡೆಗೇ ನೋಡುತ್ತಿರುವಂತೆ ಕಾಣುತ್ತದೆ. ನಿಮ್ಮದೇ ಮುಖ ಕಾಣಿಸುವುದನ್ನು ಆಫ್ ಮಾಡಿ. ಬರೆದುಕೊಳ್ಳಲು ತಲೆ ಬಗ್ಗಿಸುವ ಮುಂಚೆ "ಒಂದು ನಿಮಿಷ, ಬರೆದುಕೊಳ್ಳುತ್ತೇನೆ" ಅನ್ನಿ, ಇಲ್ಲದಿದ್ದರೆ ಮೊಬೈಲ್ ನೋಡುತ್ತಿದ್ದೀರಿ ಅನಿಸುತ್ತದೆ. ದನಿ ತಡವಾಗಿ ತಲುಪುವುದರಿಂದ ಮಾತಿಗೆ ಮಾತು ಸಿಕ್ಕಿಹಾಕಿಕೊಳ್ಳುತ್ತದೆ. ಅವರು ನಿಲ್ಲಿಸಿದ ಮೇಲೆ ಮನಸ್ಸಿನಲ್ಲೇ ಮೂರು ಎಣಿಸಿ ಮಾತಾಡಿ.

ಮೌನದ ಬಗ್ಗೆ ಒಂದು ವಿಷಯ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮನೆ ಕಳೆದುಕೊಂಡಿದ್ದ ಒಬ್ಬರು ನನ್ನ ಜೊತೆ ಬರೀ ಆಡಿಯೋದಲ್ಲಿ ಮಾತಾಡುತ್ತಿದ್ದರು. ಮಾತು ನಡುವೆ ತಟ್ಟನೆ ನಿಲ್ಲುತ್ತಿತ್ತು. "ಹಲೋ, ಕೇಳಿಸ್ತಿದೆಯಾ?" ಅಂತ ನಾನು ಎರಡು ಮೂರು ಸಲ ಕೂಗುತ್ತಿದ್ದೆ, ನೆಟ್‌ವರ್ಕ್ ಹೋಯಿತು ಅಂದುಕೊಂಡು. ನಾಲ್ಕನೇ ಸೆಷನ್‌ನಲ್ಲಿ ಅವರೇ ಹೇಳಿದರು: "ಇಲ್ಲ ಮೇಡಂ, ಲೈನಲ್ಲೇ ಇದ್ದೇನೆ. ಶೀಟಿನ ಮೇಲೆ ಮಳೆ ಜೋರಾಯ್ತು, ಅದಕ್ಕೆ." ನನಗೆ ಆ ಮಳೆ ಕೇಳಿಸಿಯೇ ಇರಲಿಲ್ಲ. ಹಿನ್ನೆಲೆ ಸದ್ದನ್ನು ಅಳಿಸುವ ಸೌಲಭ್ಯ ಆ್ಯಪ್‌ನಲ್ಲಿ ತಾನಾಗಿ ಆನ್ ಆಗಿತ್ತು. ಅವರನ್ನು ಹೆದರಿಸುತ್ತಿದ್ದ ಸದ್ದನ್ನೇ ಅದು ನನ್ನ ಕಿವಿಗೆ ಬರದಂತೆ ತಡೆದಿತ್ತು.

ಆ ಸೆಟ್ಟಿಂಗನ್ನು ಇಬ್ಬರ ಫೋನಿನಲ್ಲೂ ನೋಡಿ, ಸಾಧ್ಯವಿದ್ದರೆ ಆಫ್ ಮಾಡಿ, ಇಲ್ಲವೇ ಕಡಿಮೆ ಮಾಡಿ. ಮಳೆಯ ಸದ್ದು ಹೋದ ಹಾಗೆ ನಿಟ್ಟುಸಿರು, ಬಿಕ್ಕು, ಮೂಗೆಳೆಯುವ ಸದ್ದೂ ಹೋಗಿಬಿಡಬಹುದು. ನಮ್ಮ ಕೆಲಸ ಅರ್ಧ ಅದರ ಮೇಲೆಯೇ ನಿಂತಿದೆ, ಅಲ್ವಾ? ಈಗ ನಾನು ಮೌನ ಬಂದರೆ ಕೂಗುವುದಿಲ್ಲ. "ನಾನಿದ್ದೇನೆ, ಹೊತ್ತು ತಗೊಳ್ಳಿ" ಅಂತ ಮೆಲ್ಲಗೆ ಹೇಳಿ ಕಾಯುತ್ತೇನೆ. ಲೈನ್ ನಿಜಕ್ಕೂ ಕಟ್ ಆಗಿದ್ದರೆ ಆ ಮಾತು ವ್ಯರ್ಥ, ಅಷ್ಟೇ ತಾನೇ.

ಮುಗಿಸುವಾಗ ಕೊನೆಯ ಹತ್ತು ನಿಮಿಷ ಭಾರದ ವಿಷಯ ತೆಗೆಯಬೇಡಿ. ನಮ್ಮ ಕ್ಲಿನಿಕ್‌ನಿಂದ ಹೊರಟವರಿಗೆ ಮನೆ ತಲುಪುವ ದಾರಿ ಇರುತ್ತದೆ, ಕಣ್ಣು ಒರೆಸಿಕೊಳ್ಳಲು ಹೊತ್ತಿರುತ್ತದೆ. ಇಲ್ಲಿ ಕಾಲ್ ಕಟ್ ಮಾಡಿದ ಮರುನಿಮಿಷ ಅಡುಗೆಮನೆಯಲ್ಲಿ ಇರುತ್ತಾರೆ. "ಈಗ ಎದ್ದು ಮುಖ ತೊಳೆದುಕೊಳ್ಳಿ, ಒಂದು ಲೋಟ ನೀರು ಕುಡಿಯಿರಿ, ಅಂಗಳದಲ್ಲಿ ಎರಡು ಸುತ್ತು ಹಾಕಿ ಆಮೇಲೆ ಒಳಗೆ ಹೋಗಿ" ಅಂತ ಹೇಳಿಯೇ ಮುಗಿಸಿ.

ಫೀಸ್, ನೋಟ್ಸ್

ಯುಪಿಐ ಅನುಕೂಲ. ಆದರೆ ನಿಮ್ಮ ಖಾತೆಯ ಹೆಸರಿನಲ್ಲಿ "ಮೆಂಟಲ್ ಹೆಲ್ತ್ ಕ್ಲಿನಿಕ್" ಅಂತಿದ್ದರೆ ಅದು ಗಂಡನ ಮೊಬೈಲಿಗೆ ಬರುವ ಬ್ಯಾಂಕ್ ಮೆಸೇಜಿನಲ್ಲೂ ಪಾಸ್‌ಬುಕ್ಕಿನಲ್ಲೂ ಕಾಣಬಹುದು. ಹಣ ಕಟ್ಟುವ ಮುಂಚೆ ಅವರಿಗೆ ಯಾವ ದಾರಿ ಸುರಕ್ಷಿತ ಅಂತ ಕೇಳಿ. ನೋಟ್ಸ್ ಅನ್ನು ಪಾಸ್‌ವರ್ಡ್ ಹಾಕಿದ ಫೋಲ್ಡರಿನಲ್ಲಿ ಇಡಿ, ಹೆಸರಿನ ಬದಲು ಸಂಕೇತ ಸಂಖ್ಯೆ ಬಳಸಿ. ಮಕ್ಕಳು ಆಟ ಆಡುವ ಲ್ಯಾಪ್‌ಟಾಪ್ ಈ ಕೆಲಸಕ್ಕೆ ಬೇಡ.

ಶುರು ಮಾಡುವ ಹೊತ್ತು

ಮೊದಲ ತಿಂಗಳು ಮೂರು ನಾಲ್ಕು ಜನ ಸಾಕು, ಅದೂ ಈಗಾಗಲೇ ಎದುರಿಗೆ ಕೂತು ಮಾತಾಡಿರುವವರು. ಅದಕ್ಕೂ ಮುಂಚೆ ಸಹೋದ್ಯೋಗಿ ಒಬ್ಬರನ್ನು ಕ್ಲೈಂಟ್ ಮಾಡಿಕೊಂಡು ಪೂರ್ತಿ ಸೆಷನ್ ನಡೆಸಿ ನೋಡಿ, ನಡುವೆ ಬೇಕೆಂದೇ ಲೈನ್ ಕಟ್ ಮಾಡಲು ಹೇಳಿ. ಹಿರಿಯರೊಬ್ಬರ ಮೇಲ್ವಿಚಾರಣೆ ಇರಲಿ, ತಿಂಗಳಿಗೆ ಎರಡು ಸಲವಾದರೂ. ದಿನಕ್ಕೆ ನಾಲ್ಕು ವಿಡಿಯೋ ಸೆಷನ್ ಮೀರಿದರೆ ನನ್ನ ಗಮನ ಜಾರುತ್ತದೆ, ಹಾಗಾಗಿ ಐದನೆಯದು ತೆಗೆದುಕೊಳ್ಳುವುದಿಲ್ಲ.

ಊರಿನ ಕ್ಯಾಲೆಂಡರ್ ನೋಡಿ ಸಮಯ ಕೊಡಿ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಕಾಫಿ ಕೊಯ್ಲು, ಹಗಲು ಯಾರೂ ಸಿಗುವುದಿಲ್ಲ, ಸಂಜೆ ಏಳರ ಮೇಲೆಯೇ. ಪುತ್ತರಿ (ಹುತ್ತರಿ) ಹಬ್ಬದ ವಾರ ಮನೆ ತುಂಬಾ ನೆಂಟರು, ಖಾಸಗಿ ಕೋಣೆ ಕನಸೇ. ಮೇ ಕೊನೆಯ ವಾರ ನಾನು ಪ್ರತಿಯೊಬ್ಬರಿಗೂ ಫೋನ್ ಮಾಡಿ ಸುರಕ್ಷತೆಯ ಹಾಳೆಯನ್ನು ಮತ್ತೆ ಓದುತ್ತೇನೆ. ಅದೇ ಮನೆಯಲ್ಲಿದ್ದಾರಾ, ಮಳೆಗೆ ಅಮ್ಮನ ಮನೆಗೆ ಹೋಗುತ್ತಾರಾ, ಪಕ್ಕದ ಮನೆಯವರ ನಂಬರ್ ಅದೇ ಇದೆಯಾ, ರಸ್ತೆ ಹೇಗಿದೆ, ಪವರ್ ಬ್ಯಾಂಕ್ ಇದೆಯಾ. ಒಬ್ಬೊಬ್ಬರಿಗೆ ಹತ್ತು ನಿಮಿಷ ಹಿಡಿಯುತ್ತದೆ, ಅದಕ್ಕೆ ಫೀಸ್ ತೆಗೆದುಕೊಳ್ಳುವುದಿಲ್ಲ.